ನಿವೃತ್ತಿಯಾಗಿ ಮಲೆನಾಡಿನ ಊರಮನೆ ಸೇರುವವರಿಗೆ: ಮಳೆ ಹಿಡಿಯುವ ಮುಂಚೆ ಏನೇನು ಆಗಬೇಕು?

ಬೆಂಚು_ಮೇಷ್ಟ್ರು

ಮೇ ಕೊನೆಗೆ ಸರ್ವಿಸ್ ಮುಗಿಯುತ್ತದೆ. ಸಾಗರ ತಾಲೂಕಿನ ಊರಮನೆಗೆ ಹೋಗಿ ಇರುವುದು ನಿಶ್ಚಯ. ಹಂಚಿನ ಮನೆ, ಒಂದು ಎಕರೆ ಫಸಲು ಬರುವ ಅಡಿಕೆ, ಎಂಟಡಿ ಅಗಲದ ಕಲ್ಲು ಕಟ್ಟಿದ ಬಾವಿ, ಅದರ ದಂಡೆಯ ಮೇಲೊಂದು ಮಾನೋಬ್ಲಾಕ್ ಪಂಪು. ಇಷ್ಟು ದಿನ ತೋಟ ನೋಡಿಕೊಂಡವರು ಇನ್ನು ಕೈಲಾಗದು ಎಂದಿದ್ದಾರೆ. ಇರುವುದು ಇಬ್ಬರೇ. ಈ ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗೆ ಯಾವ ಕೆಲಸ ಮೊದಲು, ಯಾವುದು ಆಮೇಲೆ? ಯಾವುದು ಕೈಯಾರೆ ಮಾಡುವಂಥದ್ದು, ಯಾವುದಕ್ಕೆ ಆಳು ಬೇಕೇ ಬೇಕು? "ಹಳ್ಳಿ ಗಾಳಿ ಒಳ್ಳೇದು" ಅನ್ನುವ ಉತ್ತರ ಬೇಡ, ಅದು ಗೊತ್ತಿದೆ.

ಅಂಗಳದ_ತುದಿ

ಮೇಷ್ಟ್ರೇ, ಮೊದಲು ಮನೆಯ ಮಾಡು (ಚಾವಣಿ), ಆಮೇಲೆ ಸೌದೆ, ಆಮೇಲೆ ಕಾಲುವೆ, ಕೊನೆಗೆ ಔಷಧಿ. ಈ ಸರದಿ ತಪ್ಪಿದರೆ ಜೂನ್‌ನಲ್ಲಿ ನಾಲ್ಕೂ ಒಟ್ಟಿಗೆ ತಲೆ ಮೇಲೆ ಬೀಳುತ್ತವೆ, ಆಗ ದುಪ್ಪಟ್ಟು ಕೂಲಿ ಕೊಡುತ್ತೇನೆಂದರೂ ಜನ ಸಿಗುವುದಿಲ್ಲ.

ಹಂಚು ಕೈಯಾಡಿಸುವುದನ್ನು ಏಪ್ರಿಲ್‌ನಲ್ಲೇ ಮುಗಿಸಿ. ಸೋರುವ ಜಾಗದ ನೇರ ಮೇಲೆ ಒಡೆದ ಹಂಚು ಇರುತ್ತದೆ ಎಂದುಕೊಳ್ಳಬೇಡಿ. ನೀರು ರೀಪಿನ (ಹಂಚು ಕೂರುವ ಮರದ ಪಟ್ಟಿಯ) ಗುಂಟ ಹರಿದು ಎಲ್ಲೋ ಕೆಳಗೆ ತೊಟ್ಟಿಕ್ಕುತ್ತದೆ. ಹಗಲು ಹೊತ್ತು ಒಳಗೆ ದೀಪ ಆರಿಸಿ ಮೇಲೆ ನೋಡಿ. ಬೆಳಕಿನ ಚುಕ್ಕಿ ಕಂಡಲ್ಲೆಲ್ಲ ಸೀಮೆಸುಣ್ಣದಿಂದ ಪಕಾಸಿಗೆ (ಮಾಡಿನ ಇಳಿಜಾರು ಮರಕ್ಕೆ) ಗುರುತು ಹಾಕಿ. ಕೆಲಸದವರು ಬಂದಾಗ ಆ ಗುರುತೇ ಲೆಕ್ಕ. ಎರಡು ಮಾಡು ಕೂಡುವ ದೋಣಿ ತಗಡಿನಲ್ಲಿ ತರಗೆಲೆ ತುಂಬಿದ್ದರೆ ಹಂಚೆಲ್ಲ ಹೊಸದಾದರೂ ಗೋಡೆ ತೊಯ್ಯುತ್ತದೆ. ಹಳೆಯ ಹಂಚಿನ ಅಚ್ಚಿಗೆ ಹೊಸ ಹಂಚು ಸರಿಯಾಗಿ ಕೂರುವುದಿಲ್ಲ, ಕಚ್ಚು ಹೊಂದುವುದಿಲ್ಲ. ಊರಲ್ಲಿ ಯಾರಾದರೂ ಹಳೇ ಮನೆ ಬಿಚ್ಚುತ್ತಿದ್ದರೆ ಅದೇ ಅಚ್ಚಿನ ಐವತ್ತು ಹಂಚು ತಂದಿಟ್ಟುಕೊಳ್ಳಿ. ಮಂಗ ಹಾರುವ ಊರಲ್ಲಿ ಅದು ಹೆಚ್ಚಲ್ಲ. ಮಾಡಿನ ಮೇಲೆ ನೀವು ಹತ್ತುವುದು ಮಾತ್ರ ಬೇಡವೇ ಬೇಡ. ಪಾಚಿ ಒಣಗಿದಾಗ ಕಾಣುವುದಿಲ್ಲ, ಕಾಲಿಟ್ಟಾಗಲೇ ಗೊತ್ತಾಗುವುದು.

ಸೌದೆ ಅಂದರೆ ಬಚ್ಚಲೊಲೆಗೆ ನಾಲ್ಕು ತಿಂಗಳದ್ದು. ಅಡಿಕೆ ಸೋಗೆ, ಹಾಳೆ, ಸಿಪ್ಪೆ ಎಲ್ಲ ಹಚ್ಚಲಿಕ್ಕೆ ಆಯಿತು, ನಿಂತು ಉರಿಯಲು ದಪ್ಪ ಕಟ್ಟಿಗೆ ಬೇಕು. ಮೇ ಬಿಸಿಲಲ್ಲಿ ಒಣಗಿದ್ದನ್ನು ಒಳಗೆ ಹಾಕಿ. ಅಡಿಗೆ ಎರಡು ಸಾಲು ಕಲ್ಲಿಟ್ಟು ನೆಲದಿಂದ ಅರ್ಧ ಅಡಿ ಎತ್ತರಿಸಿ ಪೇರಿಸಿದರೆ ಗೆದ್ದಲು ತಕ್ಷಣ ಕಾಣುತ್ತದೆ.

ಇನ್ನು ತೋಟದ ಬಸಿಗಾಲುವೆ. ಅಡಿಕೆ ನೀರು ಕೇಳುತ್ತದೆ, ಆದರೆ ಬುಡದಲ್ಲಿ ನಿಂತ ನೀರು ಸಹಿಸುವುದಿಲ್ಲ. ಕಾಲುವೆಯ ತಳ ಗಿಡ ನೆಟ್ಟ ಗುಂಡಿಗಿಂತ ಅರ್ಧದಿಂದ ಒಂದಡಿ ಕೆಳಗಿರಬೇಕು. ವರ್ಷವರ್ಷವೂ ಮಣ್ಣು ಕುಸಿದು, ಸೋಗೆ ಬಿದ್ದು ತಳ ಮೇಲೇರುತ್ತದೆ. ಹೂಳು ತೆಗೆಯುವಾಗ ತೋಟದ ತಗ್ಗಿನ ತುದಿಯಿಂದ ಶುರು ಮಾಡಿ ಮೇಲಕ್ಕೆ ಬರಬೇಕು. ಮೇಲಿನಿಂದ ಶುರು ಮಾಡಿದವರು ಮೊದಲ ಮಳೆಗೇ ಇನ್ನೊಮ್ಮೆ ಸಲಿಕೆ ಹಿಡಿಯುತ್ತಾರೆ.

ಮೈಲುತುತ್ತ

ಔಷಧಿ ಭಾಗ ನಾನು ಬರೆಯುತ್ತೇನೆ, ಅಲ್ಲೇ ಹೆಚ್ಚಿನವರು ಎಡವುವುದು.

ಕೊಳೆರೋಗಕ್ಕೆ (ಮಳೆಗೆ ಎಳೆ ಅಡಿಕೆ ಕೊಳೆತು ಉದುರುವ ರೋಗ) ಶೇ 1ರ ಬೋರ್ಡೊ ದ್ರಾವಣ. ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. 200 ಲೀಟರಿನ ಬ್ಯಾರಲ್ಲಿಗೆ ಎರಡೆರಡು ಕೆ.ಜಿ. ಲೆಕ್ಕ ಇಷ್ಟೇ ಸುಲಭ, ಕೆಡುವುದು ಮಾಡುವ ಕ್ರಮದಲ್ಲಿ.

ಮೈಲುತುತ್ತವನ್ನು ಹಿಂದಿನ ರಾತ್ರಿಯೇ ಗೋಣಿ ಅಥವಾ ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ 50 ಲೀಟರ್ ನೀರಿನ ಮೇಲ್ಭಾಗದಲ್ಲಿ ಮುಳುಗುವ ಹಾಗೆ ತೂಗಿಬಿಡಿ. ತಳಕ್ಕೆ ಸುರಿದರೆ ಹರಳು ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಮೇಲೆ ತೂಗಿದರೆ ಕರಗಿದ್ದು ಭಾರವಾಗಿ ತಾನೇ ಕೆಳಗಿಳಿಯುತ್ತದೆ, ಬೆಳಿಗ್ಗೆ ಗಂಟು ಖಾಲಿ. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಲಿ. ಕಬ್ಬಿಣದ ಬಕೆಟ್ಟಿನಲ್ಲಿ ಕರಗಿಸಿದರೆ ತಾಮ್ರ ಬಕೆಟ್ಟಿಗೆ ಹತ್ತುತ್ತದೆ, ದ್ರಾವಣದ ಶಕ್ತಿ ಹೋಗುತ್ತದೆ, ಬಕೆಟ್ಟೂ ತೂತಾಗುತ್ತದೆ.

ಸುಣ್ಣ ಸುಟ್ಟ ಸುಣ್ಣವೇ ಬೇಕು, ಗಟ್ಟಿ ಉಂಡೆಯಾಗಿರುವುದು. ಮೂಟೆಯಲ್ಲೇ ಪುಡಿಪುಡಿಯಾಗಿದ್ದರೆ ಅದು ಗಾಳಿ ಕುಡಿದು ಸತ್ತ ಸುಣ್ಣ, ಗೋಡೆಗೆ ಬಳಿಯಲೂ ಸಾಲದು. ಉಂಡೆಗೆ ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿ ಅರಳಿಸಿ. ಕೊತಕೊತ ಕುದಿಯುತ್ತದೆ, ಮುಖ ಬಗ್ಗಿಸಬೇಡಿ, ಕನ್ನಡಕ ಇರಲಿ. ಆರಿದ ಮೇಲೆ ಉಳಿದ 50 ಲೀಟರ್ ನೀರಿಗೆ ಕದಡಿ, ಬಟ್ಟೆಯಲ್ಲಿ ಸೋಸಿ. ಸೋಸದೆ ಹೋದರೆ ಒಂದು ಹರಳು ನಾಜಲ್ಲಿಗೆ ಸಿಕ್ಕಿ ಮರದ ಮೇಲಿರುವವನು ಕೆಳಗಿರುವವನನ್ನು ಬೈಯುತ್ತಾನೆ.

ಈಗ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣ ಧಾರೆಯಲ್ಲಿ ಹುಯ್ಯಬೇಕು, ಒಬ್ಬರು ಕೋಲಿನಿಂದ ತಿರುವುತ್ತಲೇ ಇರಬೇಕು. ತಿರುಗಾಮುರುಗಾ ಮಾಡಿದರೆ ಕಣ ದಪ್ಪವಾಗುತ್ತದೆ, ಬೇಗ ತಳ ಕಟ್ಟುತ್ತದೆ, ಕಾಯಿಗೆ ಅಂಟುವುದಿಲ್ಲ. ಸರಿಯಾದ ದ್ರಾವಣ ತಿಳಿ ಆಕಾಶದ ಬಣ್ಣಕ್ಕೆ ಬಂದು ಮಜ್ಜಿಗೆ ಹಾಗೆ ತೇಲುತ್ತಿರುತ್ತದೆ.

ಪರೀಕ್ಷೆಗೆ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಸಾಕು. ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರದ ಛಾಯೆ ಕಂಡರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಿ, ಚಾಕು ಉಜ್ಜಿ ಮತ್ತೆ ಅದ್ದಿ. ಕೆಂಪು ಉಳಿದಂತೆಯೇ ಹೊಡೆದರೆ ಎಳೆಕಾಯಿ ಸುಡುತ್ತದೆ. ಆಮೇಲೆ ಕೊಳೆ ಬಂದು ಉದುರಿತೋ ಔಷಧಿಗೆ ಉದುರಿತೋ ಎಂದು ಇಡೀ ಊರು ಚರ್ಚೆ ಮಾಡುತ್ತದೆ.

ಅವತ್ತು ಮಾಡಿದ್ದು ಅವತ್ತೇ ಮುಗಿಯಬೇಕು. ಮೊದಲ ಹೊಡೆತ ಮಳೆ ಹಿಡಿಯುವ ಮುಂಚೆ, ರೋಹಿಣಿ ಮಳೆಯ ಬಿಡುವಿನಲ್ಲಿ, ಅಂದರೆ ಮೇ ಕೊನೆಯಿಂದ ಜೂನ್ ಮೊದಲ ವಾರದೊಳಗೆ. ಎರಡನೆಯದು 40-45 ದಿನಕ್ಕೆ. ಅಷ್ಟು ಹೊತ್ತಿಗೆ ಪುನರ್ವಸು-ಪುಷ್ಯ ಮಳೆ ಸುರಿಯುತ್ತಿರುತ್ತದೆ, ಬಿಸಿಲು ಇಣುಕುವ ದಿನ ಕಾಯಬೇಕು. ಅದಕ್ಕೇ ಸಾಮಾನು ಮೊದಲೇ ಮನೆಯಲ್ಲಿರಲಿ. ಅಂಟು ಬೆರೆಸುವುದನ್ನು ಬಿಡಬೇಡಿ. ಅಡಿಕೆ ಕೊನೆಯ (ಗೊನೆಯ) ಹೊರಮೈಗೆ ಮಾತ್ರ ತಾಗಿದರೆ ಉಪಯೋಗವಿಲ್ಲ, ಒಳಗಿನ ಕಾಯಿಯ ತೊಟ್ಟಿನವರೆಗೂ ತೊಯ್ಯಬೇಕು. ರೋಗ ಶುರುವಾಗುವುದೇ ತೊಟ್ಟಿನ ಹತ್ತಿರ, ನೀರು ಹೀರಿದ ಹಾಗೆ ಕಾಣುವ ಕಡುಹಸಿರು ಕಲೆಯಾಗಿ.

ಕೊಟ್ಟೆ_ಕಟ್ಟು

ಮೇಲಿನದಕ್ಕೆ ಒಂದು ತಕರಾರು. ಎರಡು ಕಡೆಯಿಂದ ಒಟ್ಟಿಗೆ ಮೂರನೇ ಬ್ಯಾರಲ್ಲಿಗೆ ಹುಯ್ದರೂ ದ್ರಾವಣ ಚೆನ್ನಾಗಿಯೇ ಬರುತ್ತದೆ, ಇಬ್ಬರು ಇದ್ದರೆ ಅದೇ ಸಲೀಸು.

ಇನ್ನೊಂದು: ಕೊನೆಗೌಡರನ್ನು (ಮರ ಹತ್ತಿ ಔಷಧಿ ಹೊಡೆಯುವ, ಕೊನೆ ಕೊಯ್ಯುವವರನ್ನು) ಈಗಲೇ ಕಂಡು ಮಾತಾಡಿ. ಒಬ್ಬರೇ ಕೊನೆಗೌಡರು ಏಳೆಂಟು ಮನೆಗೆ ಹೋಗುವವರು, ಹೊಸದಾಗಿ ಬಂದವರ ಸರದಿ ಕೊನೆಗೆ. ಮುಂಗಡ ಕೊಟ್ಟರೆ ಸಾಲದು, ಅವರು ಬರುವ ದಿನ ಬ್ಯಾರಲ್, ಪೈಪು, ಪಂಪಿನ ಪೆಟ್ರೋಲು ಸಿದ್ಧವಿರಬೇಕು. ಅರ್ಧ ದಿನ ಕಾಯಿಸಿದವರ ಮನೆಗೆ ಮುಂದಿನ ಸಲ ತಡವಾಗಿ ಬರುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ನೆಲದಿಂದಲೇ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಈಗ ಬಂದಿದೆ, ಮರ ಹತ್ತದೆ ಆಗುತ್ತದೆ. ಆದರೆ ದಿನವಿಡೀ ಕತ್ತು ಮೇಲೆತ್ತಿ ದೋಟಿ ತೂಗಿಸುವುದು ಅರವತ್ತರ ಹೆಗಲಿನ ಕೆಲಸವಲ್ಲ. ವಿದ್ಯುತ್ ತಂತಿ ಹಾದ ಕಡೆ ದೋಟಿ ಎತ್ತಲೇಬಾರದು, ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ.

ಮರ ಕಡಿಮೆ ಇದ್ದರೆ ಅಡಿಕೆ ಕೊನೆಗೆ ಕೊಟ್ಟೆ (ಮಳೆ ತಾಗದಂತೆ ಹೊದಿಕೆ) ಕಟ್ಟಿಸುವುದೂ ದಾರಿಯೇ. ಹಿಂದೆ ಕರಡದ್ದು (ಒಣಹುಲ್ಲಿನದು), ಈಗ ಪ್ಲಾಸ್ಟಿಕ್ಕಿನದು. 550 ಮರಕ್ಕೆ ಕಟ್ಟಿಸುವಷ್ಟು ಜನ ಎಲ್ಲಿಂದ ತರುವುದು ಎನ್ನುವುದೊಂದೇ ಪ್ರಶ್ನೆ.

ಬಾವಿಕಟ್ಟೆ

ನೀರಿನ ಲೆಕ್ಕ ಯಾರೂ ಹೇಳಲಿಲ್ಲ. ಎಂಟಡಿ ಅಗಲದ ಬಾವಿಯಲ್ಲಿ ಒಂದಡಿ ನೀರು ಅಂದರೆ ಸುಮಾರು 1,400 ಲೀಟರ್. ಹತ್ತಡಿ ನೀರಿದ್ದರೆ 14,000. ಒಂಬತ್ತಡಿ ಅಂತರದಲ್ಲಿ ನೆಟ್ಟ ಎಕರೆಗೆ ಸುಮಾರು 550 ಅಡಿಕೆ. ಹನಿ ನೀರಾವರಿಯಲ್ಲಿ ಬೇಸಿಗೆಗೆ ಮರಕ್ಕೆ ದಿನಕ್ಕೆ 16-20 ಲೀಟರ್ ಬೇಕು. ಗುಣಿಸಿ ನೋಡಿ, ದಿನಕ್ಕೆ ಒಂಬತ್ತರಿಂದ ಹನ್ನೊಂದು ಸಾವಿರ ಲೀಟರ್. ಅಂದರೆ ಬಾವಿ ಪ್ರತಿದಿನ ಆರರಿಂದ ಎಂಟಡಿ ಇಳಿದು ರಾತ್ರಿಯೊಳಗೆ ಮತ್ತೆ ತುಂಬಬೇಕು. ತುಂಬುತ್ತದೆಯೋ ಇಲ್ಲವೋ ಎಂದು ನೋಡಬೇಕಾದ್ದು ಏಪ್ರಿಲ್ ಕೊನೆಯಲ್ಲಿ, ಜುಲೈನಲ್ಲಿ ಎಲ್ಲರ ಬಾವಿಯೂ ದಂಡೆ ಮಟ್ಟಕ್ಕೆ ಇರುತ್ತದೆ. ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ. ಸಂಜೆ ಪಂಪು ನಿಲ್ಲಿಸಿದ ಕೂಡಲೇ ಒಮ್ಮೆ, ಬೆಳಿಗ್ಗೆ ಒಮ್ಮೆ ಇಳಿಸಿ ಒದ್ದೆ ಗಂಟು ಎಣಿಸಿ. ಮೂರು ದಿನದ ಲೆಕ್ಕ ಬರೆದಿಟ್ಟರೆ ಬಾವಿಯ ಯೋಗ್ಯತೆ ಗೊತ್ತಾಗುತ್ತದೆ. ಸಾಲದಿದ್ದರೆ ತೋಟವನ್ನು ಎರಡು ಭಾಗ ಮಾಡಿ ದಿನಬಿಟ್ಟು ದಿನ ಬಿಡಿ, ಬುಡಕ್ಕೆ ದರಕು (ಒಣ ತರಗೆಲೆ) ಹೊದಿಸಿ. ಬೋರು ಕೊರೆಸುವ ಯೋಚನೆ ಆಮೇಲೆ.

ಮಾನೋಬ್ಲಾಕ್ ಪಂಪು ದಂಡೆಯ ಮೇಲಿದೆ ಎಂದಿದ್ದೀರಿ. ಪಂಪಿನಿಂದ ನೀರಿನ ಮಟ್ಟ 20-22 ಅಡಿಗಿಂತ ಕೆಳಗಿಳಿದರೆ ಅದು ಎಳೆಯುವುದಿಲ್ಲ, ಎಷ್ಟು ಎಚ್‌ಪಿ ಹಾಕಿದರೂ ಅಷ್ಟೇ. ಬೇಸಿಗೆಯಲ್ಲಿ ಪಂಪು ಕೆಟ್ಟಿತೆಂದು ರಿಪೇರಿಗೆ ಹೊತ್ತೊಯ್ಯುವ ಎಷ್ಟೋ ಪಂಪುಗಳಿಗೆ ರೋಗವೇ ಇರುವುದಿಲ್ಲ, ಬಾವಿ ಇಳಿದಿರುತ್ತದೆ. ಬಾವಿಯೊಳಗೆ ಮೆಟ್ಟಿಲು ಕಟ್ಟೆಯಿದ್ದರೆ ಪಂಪನ್ನು ಅಲ್ಲಿಗೆ ಇಳಿಸಬಹುದು. ಆದರೆ ಜೂನ್‌ನ ಮೊದಲ ದೊಡ್ಡ ಮಳೆಗೆ ಮುಂಚೆ ಮೇಲೆತ್ತಲು ಮರೆತರೆ ಮುಳುಗಿಹೋಗುತ್ತದೆ.

ನೀರು ಮಟ್ಟ ಸರಿಯಿದ್ದೂ ಬರುತ್ತಿಲ್ಲವೇ? ಪಂಪಿನ ಮೇಲಿನ ಬಿರಡೆ ಬಿಚ್ಚಿ ನೀರು ಹುಯ್ಯಿರಿ. ತುಂಬಿದ ನೀರು ಹಾಗೇ ನಿಂತರೆ ಫುಟ್‌ವಾಲ್ವ್ (ಎಳೆಯುವ ಪೈಪಿನ ತಳದ ಕವಾಟ) ಸರಿಯಿದೆ, ಎಳೆಯುವ ಪೈಪಿನ ಜೋಡಣೆಯಲ್ಲಿ ಗಾಳಿ ಹೋಗುತ್ತಿದೆ. ಹುಯ್ದಷ್ಟೂ ಇಳಿಯುತ್ತಿದ್ದರೆ ಫುಟ್‌ವಾಲ್ವಿನ ಬಾಯಿಗೆ ಎಲೆಯೋ ಕಡ್ಡಿಯೋ ಸಿಕ್ಕಿದೆ, ಇಲ್ಲವೇ ಒಳಗಿನ ಚರ್ಮದ ವಾಷರ್ ಸವೆದಿದೆ. ವಾಷರ್ ಎರಡು ತಂದಿಟ್ಟಿರಿ. ಸಿಂಗಲ್ ಫೇಸ್ ಮೋಟರು ಗುಂಯ್ ಎಂದು ಸದ್ದು ಮಾಡಿ ತಿರುಗದಿದ್ದರೆ ಕೂಡಲೇ ಆರಿಸಿ. ವೋಲ್ಟೇಜ್ ಇಲ್ಲ, ಅಥವಾ ಕೆಪಾಸಿಟರ್ ಹೋಗಿದೆ. ಅರ್ಧ ನಿಮಿಷ ನೋಡೋಣ ಎಂದು ಬಿಟ್ಟರೆ ವೈಂಡಿಂಗ್ ಸುಡುತ್ತದೆ.

ಕುಡಿಯುವ ನೀರಿಗೆ: ಮೊದಲ ಮಳೆಯ ರಾಡಿ ಇಳಿದ ಮೇಲೆ ಬ್ಲೀಚಿಂಗ್ ಪುಡಿ ಹಾಕಿ, 1,000 ಲೀಟರಿಗೆ ಎರಡೂವರೆ ಗ್ರಾಂ. 14,000 ಲೀಟರಿಗೆ 35 ಗ್ರಾಂ ಸಾಕು. ಮುಷ್ಟಿಗಟ್ಟಲೆ ಎಸೆಯುವುದಲ್ಲ. ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರು ಹಾಕಿ ಕಲಸಿ, ಆಮೇಲೆ ಮುಕ್ಕಾಲು ತುಂಬಿಸಿ ತಿರುವಿ ಹತ್ತು ನಿಮಿಷ ಬಿಡಿ. ಬಿಳಿ ಗಸಿ ತಳಕ್ಕೆ ಕೂತ ಮೇಲೆ ತಿಳಿಯನ್ನು ಇನ್ನೊಂದು ಕೊಡಕ್ಕೆ ಬಗ್ಗಿಸಿ, ಅದನ್ನು ಬಾವಿಗೆ ಇಳಿಸಿ ಏಳೆಂಟು ಸಲ ಮೇಲೆ ಕೆಳಗೆ ಆಡಿಸಿ. ಗಸಿ ಬಾವಿಗೆ ಬಿದ್ದರೆ ನೀರು ಗಡುಸಾಗುತ್ತದೆ. ಸಂಜೆ ಹಾಕಿ ಬೆಳಿಗ್ಗೆ ಬಳಸಿ. ಕಳೆದ ವರ್ಷ ಬಾಯಿ ಬಿಚ್ಚಿಟ್ಟ ಪುಡಿಯಲ್ಲಿ ವಾಸನೆ ಬಿಟ್ಟರೆ ಏನೂ ಉಳಿದಿರುವುದಿಲ್ಲ.

ಬಾವಿ ಸ್ವಚ್ಛ ಮಾಡಿಸಲು ಯಾರನ್ನಾದರೂ ಇಳಿಸುವುದಾದರೆ ಮೊದಲು ಸೊಪ್ಪಿನ ದೊಡ್ಡ ಟೊಂಗೆಯನ್ನು ಹಗ್ಗಕ್ಕೆ ಕಟ್ಟಿ ಬಹಳ ಹೊತ್ತು ಮೇಲೆ ಕೆಳಗೆ ಎಳೆದಾಡಿ, ಉರಿಯುವ ದೀಪ ಇಳಿಸಿ ನೋಡಿ. ದೀಪ ಆರಿದರೆ ಯಾರೂ ಇಳಿಯಬಾರದು. ದೀಪ ಉರಿದರೂ ಇಳಿಯುವವರ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು. ಡೀಸೆಲ್ ಪಂಪನ್ನು ಬಾವಿಯೊಳಗೆ ಇಟ್ಟು ಓಡಿಸಿದ ದಿನ ಇಳಿಸಲೇಬೇಡಿ.

ಬೆಂಚು_ಮೇಷ್ಟ್ರು

ಹಗ್ಗದ ಗಂಟಿನ ಲೆಕ್ಕ ಬರೆದುಕೊಂಡೆ. ಇನ್ನೊಂದು ಕೇಳುವುದಿತ್ತು. ಕೊಟ್ಟಿಗೆ ಖಾಲಿ ಇದೆ, ಗೋಬರ್ ಗ್ಯಾಸಿನ ಹಳೇ ಗುಂಡಿಯೂ ಇದೆ. ಎರಡು ದನ ಕಟ್ಟಿದರೆ ಹೇಗೆ?

ಕೊಟ್ಟಿಗೆ_ಕಂಬ

ಗೊಬ್ಬರದ ಲೆಕ್ಕದಿಂದ ಬನ್ನಿ. ಅಡಿಕೆ ಮರಕ್ಕೆ ವರ್ಷಕ್ಕೆ 12 ಕೆ.ಜಿ. ಕೊಟ್ಟಿಗೆ ಗೊಬ್ಬರ, 12 ಕೆ.ಜಿ. ಹಸಿರು ಸೊಪ್ಪು, ಜೊತೆಗೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. 550 ಮರಕ್ಕೆ ಗೊಬ್ಬರವೇ 6,600 ಕೆ.ಜಿ. ಉತ್ತರ ಕನ್ನಡದ ತೋಟಿಗರಿಗೆ ಬ್ರಿಟಿಷರ ಕಾಲದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ (ಸೊಪ್ಪು ಕಡಿದು ತರುವ ಕಾಡು) ಬಿಟ್ಟುಕೊಟ್ಟದ್ದು ಸುಮ್ಮನೆ ಅಲ್ಲ. ಎರಡು ದನದ ಗೊಬ್ಬರದಿಂದ ಒಂದು ಎಕರೆ ಪೂರ್ತಿ ಆಗುವುದಿಲ್ಲ, ಅರೆಕೊರೆ ಹೊರಗಿನಿಂದ ಕೊಳ್ಳಲೇಬೇಕು.

ಗ್ಯಾಸಿಗೆ: ಒಂದು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ 25 ಕೆ.ಜಿ. ಸಗಣಿ, ಎರಡರದ್ದಕ್ಕೆ 50. ಒಂದು ಘನ ಮೀಟರ್ ಗ್ಯಾಸು ಸುಮಾರು 430 ಗ್ರಾಂ ಎಲ್‌ಪಿಜಿಗೆ ಸಮ, ತಿಂಗಳಿಗೆ ಹತ್ತಿರಹತ್ತಿರ ಒಂದು ಸಿಲಿಂಡರ್. ಇಬ್ಬರಿಗೆ ಅದು ಧಾರಾಳ. ಹಳೇ ಗುಂಡಿ ಎರಡು ಘನ ಮೀಟರಿನದಾಗಿದ್ದು ಎರಡೇ ದನ ಕಟ್ಟಿದರೆ ಗ್ಯಾಸು ಬರುತ್ತದೆ, ಒತ್ತಡ ಇರುವುದಿಲ್ಲ. ಮಲೆನಾಡು ಗಿಡ್ಡ ತಳಿ ಕಟ್ಟಿದರೆ ಮೇವು ಕಡಿಮೆ, ರೋಗ ಕಡಿಮೆ, ಸಗಣಿಯೂ ಕಡಿಮೆ.

ಹಳೇ ಸ್ಥಾವರ ಮತ್ತೆ ಶುರು ಮಾಡುವಾಗ ಒಳಗಿನ ಗಟ್ಟಿ ಹೂಳು ತೆಗೆಸಿ. ಅದರೊಳಗೂ ಕೆಟ್ಟ ಗಾಳಿ ಇರುತ್ತದೆ, ಬಾವಿಗೆ ಹೇಳಿದ ಎಚ್ಚರಿಕೆಯೇ ಇಲ್ಲಿಗೂ, ಆದರೆ ಉರಿಯುವ ದೀಪ ಮಾತ್ರ ಇಳಿಸಲೇಬೇಡಿ, ಉಳಿದ ಗ್ಯಾಸಿಗೆ ಬೆಂಕಿ ಹತ್ತುತ್ತದೆ. ಸಗಣಿ ಒಂದು ಪಾಲು, ನೀರು ಒಂದು ಪಾಲು, ಹುಲ್ಲುಕಡ್ಡಿ ಬಾರದಂತೆ ಕಲಸಿ ತುಂಬಿಸಬೇಕು. ನಡೆಯುತ್ತಿರುವ ಪಕ್ಕದ ಮನೆಯ ಸ್ಥಾವರದಿಂದ ನಾಲ್ಕು ಬಕೆಟ್ ಬಗ್ಗಡ ತಂದು ಹಾಕಿದರೆ ಬೇಗ ಹೆಪ್ಪುಗಟ್ಟಿದ ಹಾಗೆ. ಮೊದಲು ಬರುವ ಗ್ಯಾಸು ಉರಿಯುವುದಿಲ್ಲ, ಹೊರಗೆ ಬಿಟ್ಟುಬಿಡಿ. ಜ್ವಾಲೆ ಲಬ್ ಲಬ್ ಎಂದು ಕುಣಿದರೆ ಪೈಪಿನ ತಗ್ಗಿನಲ್ಲಿ ನೀರು ನಿಂತಿದೆ, ಅಲ್ಲೊಂದು ನೀರು ಬಿಡುವ ನಲ್ಲಿ ಇರಬೇಕು. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಗುಂಡಿಗೆ ಹೋದರೆ ಹುಳಿ ಹಿಡಿದು ಸತ್ತ ಹಾಗೆಯೇ, ವಾರಗಟ್ಟಲೆ ಗ್ಯಾಸಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಮೊದಲ ವರ್ಷ ದನ ಬೇಡ ಎಂದೇ ನನ್ನ ಮಾತು. ದನ ಕಟ್ಟಿದ ಮನೆಯವರು ಇಬ್ಬರೂ ಒಟ್ಟಿಗೆ ಮಗಳ ಮನೆಗೆ ಹೋಗಿ ಎರಡು ದಿನ ಉಳಿಯುವ ಹಾಗಿಲ್ಲ.

ಅಂಚೆ_ಚೀಲ

ಪಿಂಚಣಿ ಕಡೆಯದು ಸ್ವಲ್ಪ. ಜೀವನ ಪ್ರಮಾಣ ಪತ್ರ (ಪಿಂಚಣಿದಾರರು ಬದುಕಿದ್ದಾರೆಂಬ ದೃಢೀಕರಣ) ನವೆಂಬರ್‌ನಲ್ಲಿ. ಅದು ಅಡಿಕೆ ಸುಗ್ಗಿಯ ಕಾಲ, ಸುಲಿದು ಸಿಪ್ಪೆ ತಾಗಿ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಓದುವುದಿಲ್ಲ. ಎರಡು ದಿನ ಕೊಬ್ಬರಿ ಎಣ್ಣೆ ಸವರಿ, ಹೋಗುವ ದಿನ ಸೋಪಿನಲ್ಲಿ ತೊಳೆದು ಒರೆಸಿ ಹೆಬ್ಬೆರಳಿನ ಬದಲು ತೋರುಬೆರಳು ಕೊಟ್ಟು ನೋಡಿ. ಆಗಲಿಲ್ಲವೆಂದರೆ ಮುಖ ತೋರಿಸಿ ಮಾಡುವ ವಿಧಾನ ಇದೆ. ಆಂಡ್ರಾಯ್ಡ್ ಫೋನಿನಲ್ಲಿ 'ಆಧಾರ್ ಫೇಸ್ ಆರ್‌ಡಿ' ಮತ್ತು 'ಜೀವನ್ ಪ್ರಮಾಣ್' ಎರಡೂ ಆ್ಯಪ್ ಬೇಕು. ಮೊದಲು ಫೋನು ಹಿಡಿದವರ ಮುಖ, ಆಮೇಲೆ ಪಿಂಚಣಿದಾರರ ಮುಖ. ಕಿಟಕಿಗೆ ಬೆನ್ನು ಮಾಡಿ ಕೂತರೆ ಮುಖ ಕಪ್ಪಾಗಿ ತಿರಸ್ಕಾರವಾಗುತ್ತದೆ, ಬೆಳಕು ಎದುರಿಗಿರಲಿ. ಅಂಚೆಯವರು ಮನೆಗೇ ಬಂದು ಮಾಡುವ ಸೇವೆಯೂ ಇದೆ, ಶುಲ್ಕ 70 ರೂಪಾಯಿ.

ಸಂದೇಶದಲ್ಲಿ ಪ್ರಮಾಣ್ ಐಡಿ ಬಂದ ಕೂಡಲೇ ಮುಗಿಯಿತೆಂದು ಕೂರಬೇಡಿ. ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆಯಲ್ಲೋ ಪಿಂಚಣಿ ವಿತರಿಸುವ ಕಚೇರಿಯ ಆಯ್ಕೆಯಲ್ಲೋ ತಪ್ಪಿದ್ದರೆ ಅದು ಆಮೇಲೆ ತಿರಸ್ಕೃತವಾಗುತ್ತದೆ. ವಾರ ಬಿಟ್ಟು ಜೀವನ್ ಪ್ರಮಾಣ್ ಜಾಲತಾಣದಲ್ಲಿ ಸ್ಥಿತಿ ನೋಡಿ.

ಬಸ್ಸಿನ ವಿಷಯ: 60 ತುಂಬಿದವರಿಗೆ ಕೆಎಸ್‌ಆರ್‌ಟಿಸಿಯಲ್ಲಿ ಶೇ 25 ರಿಯಾಯಿತಿ, ವಯಸ್ಸಿನ ಗುರುತಿನ ಚೀಟಿ ಕೈಯಲ್ಲಿರಬೇಕು. ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಸೊನ್ನೆ ಟಿಕೆಟ್. ಹಾಗಾಗಿ ಸಂತೆಗೆ ಯಾರು ಹೋಗಬೇಕೆನ್ನುವುದು ಸರ್ಕಾರವೇ ತೀರ್ಮಾನಿಸಿದಂತೆ ಆಗಿದೆ.

ಉಂಬಳ_ಪುರಾಣ

ಆರೋಗ್ಯದ್ದೂ ಸೇರಿಸಿ. ಹೃದಯಕ್ಕೆಂದು ರಕ್ತ ತಿಳಿ ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಉಂಬಳ (ಜಿಗಣೆ) ಕಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ. ಕಿತ್ತೆಳೆಯಬೇಡಿ, ಉಪ್ಪು ಅಥವಾ ಸುಣ್ಣ-ಹೊಗೆಸೊಪ್ಪು ಮುಟ್ಟಿಸಿ. ಬಿದ್ದ ಮೇಲೆ ತೊಳೆದು ಬಟ್ಟೆ ಒತ್ತಿ ಹಿಡಿದು ಕೂರಿ. ಬಿಪಿ, ಸಕ್ಕರೆ ಮಾತ್ರೆ ಜೂನ್‌ಗೆ ಮುಂಚೆ ಒಂದು ತಿಂಗಳದ್ದು ಹೆಚ್ಚಿಗೆ ಇರಲಿ, ಮರ ಬಿದ್ದು ರಸ್ತೆ ಮುಚ್ಚಿದರೆ ಪೇಟೆ ದೂರ.

ಡಿಸೆಂಬರ್‌ನಿಂದ ಮೇವರೆಗೆ ದರಕಿಗೆಂದು ಕಾಡಿಗೆ ಹೋದರೆ ಉಣುಗಿನ (ಉಣ್ಣೆಯ) ಬಗ್ಗೆ ಜಾಗ್ರತೆ. ಅದು ಕಚ್ಚಿ ಬರುವ ಮಂಗನ ಕಾಯಿಲೆ ಮೊದಲು ಕಂಡದ್ದೇ 1957ರಲ್ಲಿ, ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ತುಂಬು ತೋಳು, ಪ್ಯಾಂಟು ಕಾಲುಚೀಲದೊಳಗೆ, ಆರೋಗ್ಯ ಇಲಾಖೆ ಕೊಡುವ ಉಣುಗು ನಿವಾರಕ ಎಣ್ಣೆ. ಬಂದ ಕೂಡಲೇ ಬಿಸಿನೀರು, ಬಟ್ಟೆಯನ್ನೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ. ಜ್ವರ ಬಂದರೆ ಕಾಡಿಗೆ ಹೋದದ್ದನ್ನು ಡಾಕ್ಟರಿಗೆ ಮೊದಲು ಹೇಳಿ.

ಹಾವು: ರಾತ್ರಿ ನೆಲದ ಮೇಲೆ ಮಲಗಬೇಡಿ. ಕಟ್ಟುಹಾವು ಕಚ್ಚಿದ್ದು ನೋವೇ ಆಗದೆ ಬೆಳಿಗ್ಗೆ ರೆಪ್ಪೆ ಎತ್ತಲಾರದಾಗ ಗೊತ್ತಾಗುತ್ತದೆ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ, ಕಚ್ಚಿದ ಅಂಗ ಅಲ್ಲಾಡಿಸದೆ ನೇರ ತಾಲೂಕು ಆಸ್ಪತ್ರೆಗೆ. ರಾತ್ರಿ ಬರುವ ಗಾಡಿಯವರ ನಂಬರು ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ, ಫೋನಿನಲ್ಲಿದ್ದರೆ ಸಾಲದು.

ಅಂಗಳದ_ತುದಿ

ಒಂದು ಮಾತು ಬಿಟ್ಟುಹೋಗಿತ್ತು. ಎಲ್ಲರೂ ಕೆಲಸ ಹೇಳಿದಿರಿ, ಕೆಲಸವಿಲ್ಲದ ದಿನದ ಬಗ್ಗೆ ಯಾರೂ ಹೇಳಲಿಲ್ಲ. ಜುಲೈನಲ್ಲಿ ಹದಿನೈದು ದಿನ ಎಡೆಬಿಡದೆ ಸುರಿಯುವಾಗ ತೋಟಕ್ಕೆ ಕಾಲಿಡಲಾಗದು, ಕರೆಂಟಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ, ಪೇಪರು ಮಧ್ಯಾಹ್ನ ಒದ್ದೆಯಾಗಿ ಬರುತ್ತದೆ. ಪೇಟೆಯಿಂದ ಬಂದವರಿಗೆ ಹೊತ್ತು ಹೋಗದೆ ಊರು ಸಾಕೆನಿಸುವುದು ಆಗಲೇ. ಆ ದಿನಗಳಿಗೆಂದೇ ಕೂತು ಮಾಡುವ ಕೆಲಸ ಎತ್ತಿಡಿ. ಕತ್ತಿಗೆ ಹಿಡಿ ಹಾಕುವುದು, ಹನಿ ಪೈಪಿನ ಮುಚ್ಚಿಹೋದ ಡ್ರಿಪ್ಪರ್ ಬಿಚ್ಚಿ ತೊಳೆಯುವುದು, ಪಹಣಿ-ಪೌತಿ ಖಾತೆ ಕಾಗದ ಜೋಡಿಸುವುದು. ತೋಟದ ಲೆಕ್ಕದ ಪುಸ್ತಕಕ್ಕೆ ಅಂಕಣ ಎಳೆಯುವುದು ಮೇಷ್ಟ್ರಿಗೆ ಹೇಳಿಕೊಡಬೇಕಿಲ್ಲ.

ಮೊದಲ ವರ್ಷ ಊರವರ ಕೃಷಿ ತಿದ್ದಲು ಹೋಗಬೇಡಿ. ಕೇಳಿದರೆ ಅರ್ಜಿ ಬರೆದುಕೊಡಿ, ಅದಕ್ಕೆ ಊರಲ್ಲಿ ಬೇಡಿಕೆ ಇದೆ.

ಬೆಂಚು_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ದನದ ಯೋಚನೆ ಬಿಟ್ಟೆ. ಮೈಲುತುತ್ತದವರಿಗೆ ಒಂದೇ ಅನುಮಾನ: ಅಡುಗೆಮನೆಯ ಸ್ಟೀಲ್ ಚಾಕು ಆಗುತ್ತದೆಯೇ?

ಮೈಲುತುತ್ತ

ಆಗುವುದಿಲ್ಲ, ತುಕ್ಕು ಹಿಡಿಯದ ಚಾಕಿಗೆ ತಾಮ್ರ ಸರಿಯಾಗಿ ಹತ್ತುವುದಿಲ್ಲ. ಹಳೇ ಕುಡುಗೋಲಿನ ತುದಿಯನ್ನು ಮರಳುಕಾಗದದಲ್ಲಿ ಉಜ್ಜಿ ಅದ್ದಿ. ಅದೂ ಸಿಗದಿದ್ದರೆ ಹೊಸ ಕಬ್ಬಿಣದ ಮೊಳೆ ಸಾಕು.